50 ಡಾಲರ್ ನೋಟಿನ ಊರು ರೌಕನ್: ಹೋಗುವ ಮುನ್ನ ಏನು ಮಾಡಬೇಕು

ಆಸ್ಟ್ರೇಲಿಯಾದ 50 ಡಾಲರ್ ನೋಟು ಹತ್ತಿರದಲ್ಲಿದ್ದರೆ ಒಮ್ಮೆ ನೋಡಿ. ಒಂದು ಬದಿಯಲ್ಲಿ ಮೂಲನಿವಾಸಿ ಲೇಖಕ ಡೇವಿಡ್ ಯುನೈಪನ್ ಅವರ ಮುಖವಿದೆ, ಜೊತೆಗೆ ಒಂದು ಪುಟ್ಟ ಚರ್ಚೂ ಇದೆ. ಆ ಚರ್ಚು ಇರುವ ಊರು ರೌಕನ್. ಅಡಿಲೇಡ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ, ಅಲೆಕ್ಸಾಂಡ್ರಿನಾ ಸರೋವರದ ದಂಡೆ. ಊರಿಂದ ನೆಂಟರು ಬಂದರೆ ನಾನು ಬೀಚು, ದ್ರಾಕ್ಷಿ ತೋಟ ಎಲ್ಲ ಮುಗಿಸಿ ಇಲ್ಲಿಗೂ ಕರೆದುಕೊಂಡು ಹೋಗುತ್ತೇನೆ. ಆದರೆ ಸುಮ್ನೆ ಕಾರು ಹತ್ತಿ ಹೊರಡುವ ಜಾಗ ಇದಲ್ಲ.

ಮೊದಲು ಫೋನು ಮಾಡಿ. ರೌಕನ್ ಹಿಂದೆ ಕ್ರೈಸ್ತ ಮಿಷನ್ ಆಗಿತ್ತು, ನಿಜ. ಆದರೆ ಪಾಳುಬಿದ್ದ ಜಾಗವಲ್ಲ, ಟಿಕೆಟ್ ಕೊಟ್ಟು ನುಗ್ಗುವ ಮ್ಯೂಸಿಯಂ ಕೂಡ ಅಲ್ಲ. ನಾರಿಂಜೆರಿ ಅನ್ನುವ ಮೂಲನಿವಾಸಿ ಜನ ಇವತ್ತಿಗೂ ಅಲ್ಲಿ ಮನೆ ಮಾಡಿಕೊಂಡಿದ್ದಾರೆ. ಊರಿನ ಕೌನ್ಸಿಲ್ಲಿಗೆ ಮುಂಚೆಯೇ ಕರೆ ಮಾಡಿ, ಯಾವ ದಿನ, ಎಷ್ಟು ಜನ ಬರುತ್ತೀರಿ ಅಂತ ಹೇಳಿ. ಚರ್ಚಿನ ಒಳಗೆ ಬರಬಹುದಾ ಅಂತಲೂ ಕೇಳಿ. ಆ ದಿನ ಬೇಡ ಅಂದರೆ ಕಾರಣ ಕೆದಕಬೇಡಿ. ಯಾರದೋ ಮನೆಯಲ್ಲಿ ಸಾವಾಗಿರಬಹುದು. ಬೇರೆ ದಿನ ನೋಡಿಕೊಂಡರಾಯಿತು.

ಆಮೇಲೆ ಒಂದು ಸಂಜೆ ಓದಿಗೆ ಇಡಿ. ಮಿಷನ್ ಅಂದ ಕೂಡಲೇ ನಮಗೆ ಮಂಗಳೂರಿನ ಬಾಸೆಲ್ ಮಿಷನ್ ನೆನಪಾಗುತ್ತದೆ. ಶಾಲೆ, ಪ್ರೆಸ್ಸು, ಹೆಂಚಿನ ಕಾರ್ಖಾನೆ. ಆ ಚಿತ್ರ ಹಿಡಿದುಕೊಂಡು ಇಲ್ಲಿಗೆ ಬಂದರೆ ಅರ್ಧ ಕಥೆ ಕಾಣುವುದೇ ಇಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳು ಪುಕ್ಕಟೆಯಾಗಿ ಸಿಗುತ್ತವೆ. ರೌಕನ್ ಅಂತ ಮಾತ್ರ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ಮಿಷನ್ ಕಾಲದಲ್ಲಿ ಊರಿಗಿದ್ದ ಹೆಸರು ಪಾಯಿಂಟ್ ಮೆಕ್ಲೇ (Point McLeay). ಆ ಹೆಸರನ್ನೇ ಬೇರೆ ಬೇರೆ ಸ್ಪೆಲಿಂಗ್‌ನಲ್ಲಿ ಹಾಕಿ ನೋಡಿ. ಮಕ್ಕಳ ಜೊತೆ ಓದುವುದಾದರೆ ಮೊದಲೇ ಹೇಳಿಬಿಡಿ: ಆ ಕಾಲದ ಪತ್ರಿಕೆಗಳು ಈ ಜನರ ಬಗ್ಗೆ ಬಳಸಿದ ಮಾತು ಹೊಲಸು.

ಓದುವಾಗ ಜಾರ್ಜ್ ಟ್ಯಾಪ್ಲಿನ್ ಅನ್ನುವ ಹೆಸರು ಮತ್ತೆ ಮತ್ತೆ ಬರುತ್ತದೆ. 1859ರಲ್ಲಿ ಮಿಷನ್ ಶುರು ಮಾಡಿದವರು, 1879ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದವರು. ಇವರನ್ನು ಒಳ್ಳೆಯವರು ಅಂತಲೋ ಕೆಟ್ಟವರು ಅಂತಲೋ ಬೇಗ ತೀರ್ಮಾನ ಮಾಡಬೇಡಿ. ಹುಡುಗರನ್ನು ಗಂಡಸರ ಸಾಲಿಗೆ ಸೇರಿಸುವ ಶಾಸ್ತ್ರಗಳು ನಿಲ್ಲಬೇಕು ಅಂತ ಹಟ ಹಿಡಿದವರು ಇವರೇ. ಕೂತು ನಾರಿಂಜೆರಿ ಮಾತನ್ನು ಕಲಿತು, ಪದ, ವ್ಯಾಕರಣ, ಪದ್ಧತಿ ಎಲ್ಲ ಬರೆದಿಟ್ಟವರೂ ಇವರೇ. ಈಗ ಭಾಷೆಯನ್ನು ಮತ್ತೆ ಕಲಿಯುತ್ತಿರುವ ನಾರಿಂಜೆರಿಗಳಿಗೆ ಆ ಬರಹ ಉಪಯೋಗಕ್ಕೆ ಬಂದಿದೆ. ನನಗಂತೂ ಇವರ ಮೇಲೆ ಸಿಟ್ಟೂ ಇದೆ, ಉಪಕಾರ ಆಯಿತು ಅಂತಲೂ ಅನ್ನಿಸುತ್ತದೆ.

ಸರ್ಕಾರದ ವಿಷಯದಲ್ಲಿ ನನಗೆ ಅಂಥ ಗೊಂದಲ ಇಲ್ಲ. ದಕ್ಷಿಣ ಆಸ್ಟ್ರೇಲಿಯಾದ 1911ರ ಕಾನೂನು ಮೂಲನಿವಾಸಿ ಮಕ್ಕಳಿಗೆ 21 ವರ್ಷ ತುಂಬುವವರೆಗೆ ಒಬ್ಬ ಅಧಿಕಾರಿಯನ್ನೇ ಪೋಷಕ ಅಂತ ಮಾಡಿತು. ಹೆತ್ತವರು ಬದುಕಿದ್ದರೂ ಅಷ್ಟೇ. 1916ರಲ್ಲಿ ಮಿಷನ್ನನ್ನೇ ಸರ್ಕಾರ ವಹಿಸಿಕೊಂಡಿತು. ಮರುವರ್ಷ, 1917ರಲ್ಲಿ, ಇದೇ ಊರಿನ ಅಣ್ಣತಮ್ಮಂದಿರು ಸಿರಿಲ್ ರಿಗ್ನಿ ಮತ್ತು ರೂಫಸ್ ರಿಗ್ನಿ ಬೆಲ್ಜಿಯಂ ಯುದ್ಧದಲ್ಲಿ ಸತ್ತರು. ಮನೆಯ ಮಕ್ಕಳ ಮೇಲೆ ಹಕ್ಕು ಕೊಡದ ಸರ್ಕಾರಕ್ಕೆ ಅವರು ಪ್ರಾಣ ಕೊಟ್ಟಿದ್ದರು. ನಿಮ್ಮ ಜೊತೆ ಬರುವವರಿಗೆ ಬೇರೇನೂ ಹೇಳದಿದ್ದರೂ ಈ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಿ.

ಯುನೈಪನ್ ಕಥೆಯನ್ನು ಕಾರಿನಲ್ಲಿ ಹೇಳಬಹುದು, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. 1872ರಲ್ಲಿ ಈ ಮಿಷನ್ನಿನಲ್ಲೇ ಹುಟ್ಟಿದವರು. ಕುರಿಯ ಉಣ್ಣೆ ಕತ್ತರಿಸುವ ಯಂತ್ರದ ಹಿಡಿಯನ್ನು ಸುಧಾರಿಸಿ 1909ರಲ್ಲಿ ತಾತ್ಕಾಲಿಕ ಪೇಟೆಂಟ್ ಪಡೆದರು. ಅದನ್ನು ಪೂರ್ತಿ ಮಾಡಿಸಲು ದುಡ್ಡಿರಲಿಲ್ಲ, ಆ ಕೆಲಸದಿಂದ ಲಾಭವೂ ಬರಲಿಲ್ಲ. ತಮ್ಮ ಜನರ ಕಥೆಗಳನ್ನು ಸಂಗ್ರಹಿಸಿ ಬರೆದರು. 1930ರಲ್ಲಿ ಅವು ಒಬ್ಬ ಬಿಳಿಯ ವೈದ್ಯರ ಹೆಸರಲ್ಲಿ ಅಚ್ಚಾದವು. ಯುನೈಪನ್ ಅವರದೇ ಹೆಸರಲ್ಲಿ ಬಂದದ್ದು 2001ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 34 ವರ್ಷ ಆಗಿತ್ತು. ನೋಟಿನ ಮೇಲೆ ಮುಖ ಹಾಕಿದ್ದು ಮಾತ್ರ 1995ರಲ್ಲೇ!

ದಾರಿಯದು ದೊಡ್ಡ ವಿಷಯವಲ್ಲ. ಟೇಲೆಮ್ ಬೆಂಡ್‌ನಲ್ಲಿ ಪೆಟ್ರೋಲು ತುಂಬಿಸಿ, ಟಾಯ್ಲೆಟ್ಟಿಗೂ ಅಲ್ಲೇ ಹೋಗಿಬನ್ನಿ. ಪೋಲ್ಟಲಾಕ್ ಕಡೆಯಿಂದ ಬಂದರೆ ನಾರಂಗ್‌ನಲ್ಲಿ ಕಾರನ್ನು ಫೆರಿಗೆ ಹತ್ತಿಸಬೇಕು. ಕೇಬಲ್ ಹಿಡಿದು ಎಳೆಯುವ ಫೆರಿ, ದುಡ್ಡು ಇಲ್ಲ. ಊಟ ಕಟ್ಟಿಕೊಂಡೇ ಹೋಗಿ. ನಾನು ಚಿತ್ರಾನ್ನ, ಮೊಸರನ್ನ ಅಷ್ಟೇ ಒಯ್ಯುವುದು. ಬೇಸಿಗೆಯಲ್ಲಿ ನೊಣದ ಕಾಟ ಜಾಸ್ತಿ.

ಊರಿಗೆ ಬಂದ ಮೇಲೆ ಕಾರು ನಿಧಾನ ಮಾಡಿ, ಹೇಳಿದ ಕಡೆ ನಿಲ್ಲಿಸಿ. ಚರ್ಚು ಕಟ್ಟಿದ್ದು 1869ರಲ್ಲಿ. ನೋಟನ್ನು ಚರ್ಚಿನ ಮುಂದೆ ಹಿಡಿದು ಫೋಟೋ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ, ಕೇಳಿಯೇ ತೆಗೆಯಿರಿ. ಮನೆಗಳ ಕಡೆ, ಆಡುವ ಮಕ್ಕಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ನಮ್ಮ ಹಳ್ಳಿಯ ಜಗಲಿಗೆ ಯಾರೋ ಬಂದು ಹೀಗೆ ಮಾಡಿದರೆ ಸುಮ್ಮನಿರುತ್ತೇವಾ? ಯುನೈಪನ್ ಸಮಾಧಿಯೂ ಈ ಊರಿನಲ್ಲೇ ಇದೆ. ಸ್ಮಶಾನಕ್ಕೆ ಊರಿನವರು ಕರೆದರೆ ಮಾತ್ರ ಹೋಗಿ. ದಂಡೆಯ ಕಲ್ಲು, ಚಿಪ್ಪು ಜೇಬಿಗೆ ಹಾಕಬೇಡಿ.

ನಮ್ಮ ಮಾವನವರು ಚರ್ಚಿನ ಎದುರು ನಿಂತು, "ಆ ಜನ ಎಲ್ಲ ಈಗೆಲ್ಲಿ ಹೋದರಮ್ಮಾ?" ಅಂತ ಕೇಳಿದ್ದರು. ರಸ್ತೆಯಾಚೆ ಒಬ್ಬರು ಹುಲ್ಲು ಕತ್ತರಿಸುತ್ತಿದ್ದರು. ನಾನು ಅವರ ಕಡೆ ಕೈ ಮಾಡಿದೆ. ಬಂದವರು ಇದೇ ಪ್ರಶ್ನೆ ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಭೂಮಿ 1974ರಲ್ಲಿ ಮೂಲನಿವಾಸಿಗಳ ಟ್ರಸ್ಟಿಗೆ ಬಂತು, 1982ರಲ್ಲಿ ಊರು ತನ್ನ ಹಳೆಯ ಹೆಸರನ್ನು ವಾಪಸ್ಸು ತೆಗೆದುಕೊಂಡಿತು. ಯಾರಾದರೂ ಮಾತಿಗೆ ನಿಂತರೆ ಓದಿಕೊಂಡು ಬಂದದ್ದನ್ನು ಅವರಿಗೇ ಒಪ್ಪಿಸಬೇಡಿ. ಅವರು ಹೇಳಲಿ.

ಬಿಸಿಲು ಇರುವಾಗಲೇ ವಾಪಸ್ಸು ಹೊರಡಿ. ಸಂಜೆಯಾದರೆ ರಸ್ತೆಗೆ ಕಾಂಗರೂ ಬರುತ್ತವೆ, ಹಳ್ಳಿ ರಸ್ತೆಯಲ್ಲಿ ದೀಪವೂ ಇರುವುದಿಲ್ಲ.