ನೋಯುವ ಬೆರಳಿಗೆ ಗಿಟಾರ್ ಹೊಂದಿಸುವುದು ಹೇಗೆ?

ವಯಸ್ಸಾಗುತ್ತ ಬೆರಳಿನ ಕೀಲು ನೋಯತೊಡಗಿದಾಗ ಗಿಟಾರ್ ನುಡಿಸುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೈಗೆ ಬಲ ಬರಲೆಂದು ಸ್ಪ್ರಿಂಗ್ ಇರುವ ಹಿಡಿಕೆಯೊಂದನ್ನು ಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಹಿಸುಕುತ್ತಾರೆ, ಇಲ್ಲವೇ ಗಿಟಾರನ್ನು ಅಟ್ಟಕ್ಕೇರಿಸುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಸವೆದ ಕೀಲಿಗೆ ಹಿಸುಕುವ ಕಸರತ್ತು ಇನ್ನೊಂದು ಹೊರೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮದ ಮಾತು ಬೇರೆ, ಈ ಸ್ಪ್ರಿಂಗ್ ಹಿಡಿಕೆಯನ್ನಂತೂ ಎಸೆದುಬಿಡಿ. ಮೊದಲು ಬದಲಾಗಬೇಕಾದುದು ಗಿಟಾರ್, ಕೈ ಆಮೇಲೆ. ಗಿಟಾರಿನಲ್ಲಿಯೂ ಮೊದಲು ಗಮನ ಕೊಡಬೇಕಾದುದು ಕತ್ತಿನ ತುದಿಯಲ್ಲಿರುವ ನಟ್ ಎಂಬ ಪುಟ್ಟ ಪಟ್ಟಿಗೆ.

1. ನೋವು ಎಂಥದ್ದೆಂದು ತಿಳಿಯಿರಿ

ಬೆಳಗ್ಗೆ ಬಿಗಿದುಕೊಂಡಿದ್ದ ಬೆರಳು ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಹೆಚ್ಚಾಗಿ ಸವೆತದಿಂದ ಬಂದ ಸಂಧಿವಾತ. ಬಿಗಿತ ಒಂದು ಗಂಟೆ ಮೀರಿ ಉಳಿದರೆ, ಗೆಣ್ಣುಗಳು ಊದಿ ಬೆಚ್ಚಗಿದ್ದರೆ ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ಔಷಧ ಬೇಗ ಶುರುವಾದಷ್ಟೂ ಕೀಲು ಉಳಿಯುತ್ತದೆ. ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುತ್ತಿರಬಹುದು. ಮಡಚಿದ ಬೆರಳು ಸಿಕ್ಕಿಕೊಂಡು ಟಕ್ಕೆಂದು ಬಿಚ್ಚಿಕೊಂಡರೆ ಅದು ಟ್ರಿಗರ್ ಫಿಂಗರ್. ಈ ಕೊನೆಯ ಮೂರರಲ್ಲಿ ಯಾವುದಿದ್ದರೂ ವೈದ್ಯರನ್ನು ಕಂಡ ಮೇಲೆಯೇ ಮುಂದಿನ ಹಂತ.

2. ತಂತಿ ತೆಳುವಾಗಲಿ, ಶ್ರುತಿ ಇಳಿಯಲಿ

ಅಕೂಸ್ಟಿಕ್ ಗಿಟಾರಿನಲ್ಲಿ 12ರ ಗೇಜ್ (ತಂತಿಯ ದಪ್ಪದ ಅಳತೆ) ಇದ್ದರೆ 11ಕ್ಕೆ ಅಥವಾ 10ಕ್ಕೆ ಇಳಿಯಿರಿ. ಎಲೆಕ್ಟ್ರಿಕ್ ಗಿಟಾರಿನಲ್ಲಿ 10 ಇದ್ದರೆ 9, ಅದೂ ಭಾರವೆನಿಸಿದರೆ 8. ತೆಳು ತಂತಿಗೆ ನಾದ ಸಾಲದು ಎನ್ನುವವರಿಗೆ ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ತಂಡದ ಗಿಟಾರ್ ವಾದಕ ಟೋನಿ ಐಯೋಮಿಯ ಉದಾಹರಣೆ ಸಾಕು. 1965ರಲ್ಲಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡ ಅವರು ಬ್ಯಾಂಜೋದ ತೆಳು ತಂತಿ ಕಟ್ಟಿ, ಮುಂದೆ ಶ್ರುತಿಯನ್ನೂ ಇಳಿಸಿ ನುಡಿಸಿದರು. ಬ್ಲ್ಯಾಕ್ ಸಬ್ಬತ್‌ನ ಆ ಭಾರವಾದ ನಾದ ಹುಟ್ಟಿದ್ದು ಅಂಥ ಕೈಯಿಂದ.

ಶ್ರುತಿ ಇಳಿಸುವುದರ ಲಾಭವನ್ನು ಜನ ಕಡೆಗಣಿಸುತ್ತಾರೆ. ಅರ್ಧ ಸ್ವರ ಇಳಿಸಿದರೆ ತಂತಿಯ ಬಿಗಿತ ಸುಮಾರು ಶೇ 11ರಷ್ಟು ಕಡಿಮೆಯಾಗುತ್ತದೆ, ಒಂದು ಪೂರ್ಣ ಸ್ವರ ಇಳಿಸಿದರೆ ಶೇ 20ರಷ್ಟು. ಹಾಡುವವರಿಗೆ ಮೂಲ ಶ್ರುತಿಯೇ ಬೇಕೆಂದರೆ ಒಂದು ಸ್ವರ ಇಳಿಸಿ ಎರಡನೇ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಹಿಡಿಕೆ, ಹಾಕಿ. ಶ್ರುತಿ ಮೊದಲಿನದೇ, ತಂತಿ ಮಾತ್ರ ಸಡಿಲ. ಫ್ರೆಟ್‌ಗಳೂ ಹತ್ತಿರವಾಗಿ ಬೆರಳನ್ನು ಚಾಚುವ ಕಷ್ಟ ತಗ್ಗುತ್ತದೆ. ಇದಕ್ಕಿಂತ ಅಗ್ಗದ ಪರಿಹಾರ ಇನ್ನೊಂದಿಲ್ಲ. ಆದರೆ ಸ್ಪ್ರಿಂಗ್ ಕೇಪೋ ಬೇಡ. ಅದನ್ನು ಹಿಸುಕಿ ತೆರೆಯುವಾಗಲೇ ಹೆಬ್ಬೆರಳಿನ ಬುಡಕ್ಕೆ ಪೆಟ್ಟು ಬೀಳುತ್ತದೆ. ತಿರುಪಿನ ಕೇಪೋ ಕೊಳ್ಳಿ.

‘ನೈಲಾನ್ ತಂತಿಯ ಗಿಟಾರ್ ತೆಗೆದುಕೊಳ್ಳಿ’ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ತಂತಿ ಮೃದು, ನಿಜ. ಆದರೆ ಅದರ ಕತ್ತು ನಟ್ ಬಳಿ 52 ಮಿ.ಮೀ. ಅಗಲ, ಉಕ್ಕಿನ ತಂತಿಯ ಗಿಟಾರಿನದು 43ರ ಆಸುಪಾಸು. ಬೆರಳ ತುದಿ ನೋಯುವವರಿಗೆ ಅದು ಹಿತ, ಹೆಬ್ಬೆರಳಿನ ಬುಡ ನೋಯುವವರಿಗೆ ಅಲ್ಲ.

3. ನಟ್: ಎಲ್ಲರೂ ಎಡವುವ ಜಾಗ

ತಂತಿ ಬದಲಿಸಿದ ಮೇಲೂ ಎಫ್ ಕಾರ್ಡ್ ಹಿಡಿದರೆ ಕೈ ಕಿತ್ತು ಬರುವಂತಾಗುತ್ತದೆಯೇ? ಹಾಗಿದ್ದರೆ ನಟ್‌ನ ಕೊರಕಲುಗಳು ಆಳ ಸಾಲದೆ ತಂತಿಗಳು ಅಲ್ಲಿ ಎತ್ತರದಲ್ಲಿ ಕುಳಿತಿರಬಹುದು. ನಟ್‌ಗೆ ತೀರ ಸಮೀಪವಿರುವ ಮೊದಲ ಫ್ರೆಟ್‌ನಲ್ಲಿ ಎತ್ತರದ ತಂತಿಯನ್ನು ಬಗ್ಗಿಸಲು ಬಹಳ ಬಲ ಬೇಕು. ತಯಾರಕರು ಹೀಗೆ ಎತ್ತರ ಬಿಡಲು ಕಾರಣವಿದೆ. ಕೊರಕಲು ಆಳವಾದರೆ ತಂತಿ ಗುಯ್‌ಗುಟ್ಟಿ ಗಿಟಾರ್ ಅಂಗಡಿಗೆ ವಾಪಸು ಬರುತ್ತದೆ. ಎತ್ತರವಿದ್ದರೆ ಕೊಂಡವರು ತಮ್ಮ ಬೆರಳನ್ನೇ ದೂರಿಕೊಂಡು ಸುಮ್ಮನಾಗುತ್ತಾರೆ.

ಪರೀಕ್ಷೆ ಸುಲಭ. ಮೊದಲು ಮಾಮೂಲಿನಂತೆ ಎಫ್ ಹಿಡಿದು ನೋಡಿ. ಬಳಿಕ ಮೊದಲ ಫ್ರೆಟ್‌ಗೆ ಕೇಪೋ ಹಾಕಿ, ಅದೇ ಆಕಾರವನ್ನು ಒಂದು ಫ್ರೆಟ್ ಮುಂದೆ ಹಿಡಿಯಿರಿ. ಕೇಪೋ ಹಾಕಿದಾಗ ತಂತಿ ಫ್ರೆಟ್‌ನ ಮೇಲೆಯೇ ಕೂರುವುದರಿಂದ ಅಲ್ಲಿ ನಟ್‌ನ ಎತ್ತರ ಲೆಕ್ಕಕ್ಕಿಲ್ಲ. ಕಾರ್ಡ್ ಇದ್ದಕ್ಕಿದ್ದಂತೆ ಹಗುರವಾದರೆ ತಪ್ಪು ನಿಮ್ಮ ಕೈಯದಲ್ಲ, ನಟ್‌ನದು.

ಇನ್ನು ಒಂದೊಂದೇ ತಂತಿಯನ್ನು ನೋಡಿ. ಕೇಪೋ ತೆಗೆದು, ಎರಡನೇ ಮತ್ತು ಮೂರನೇ ಫ್ರೆಟ್‌ಗಳ ನಡುವೆ ತಂತಿಯನ್ನು ಒತ್ತಿ ಹಿಡಿದು, ಮೊದಲ ಫ್ರೆಟ್‌ಗೂ ತಂತಿಗೂ ಇರುವ ಸಂದನ್ನು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬೆಳಕು ಕಾಣಬೇಕು, ತಂತಿಯ ಮೇಲೆ ಬೆರಳು ತಟ್ಟಿದರೆ ಟಿಕ್ ಎಂಬ ಸಣ್ಣ ಸದ್ದು ಬರಬೇಕು. ಪ್ರಿಂಟರಿನ ಸಾಮಾನ್ಯ ಹಾಳೆ ಸುಮಾರು 0.1 ಮಿ.ಮೀ. ದಪ್ಪ, ಅದು ತಂತಿಯನ್ನು ಸವರಿಕೊಂಡು ಜಾರಿದರೆ ಸರಿಯಾಗಿದೆ. ಇಸ್ಪೀಟಿನ ಎಲೆ ತಂತಿಯನ್ನು ಎತ್ತದೆ ಸಲೀಸಾಗಿ ತೂರಿದರೆ ಆ ಕೊರಕಲು ಎತ್ತರವಾಯಿತು.

ತಗ್ಗಿಸುವ ಕೆಲಸಕ್ಕೆ ತಂತಿಯ ದಪ್ಪಕ್ಕೆ ಹೊಂದುವ ಸಣ್ಣ ಅರಗಳು ಬೇಕು. ಅರವನ್ನು ಗಿಟಾರಿನ ತಲೆಯ ಕಡೆಗೆ ತುಸು ಇಳಿಜಾರಾಗಿ ಹಿಡಿದು ಎರಡು ಮೂರು ಸಲವಷ್ಟೇ ಉಜ್ಜಬೇಕು. ತಂತಿಯನ್ನು ಕೂರಿಸಿ, ಶ್ರುತಿ ಮಾಡಿ, ಮತ್ತೆ ಸಂದು ನೋಡಬೇಕು. ‘ಇನ್ನೊಂದು ಸಲ ಉಜ್ಜೋಣ’ ಎನ್ನಿಸಿದಾಗಲೇ ಕೈ ತೆಗೆಯಬೇಕು. ಒಂದೆಳೆ ಹೆಚ್ಚಾದರೂ ತೆರೆದ ತಂತಿ ಮೊದಲ ಫ್ರೆಟ್‌ಗೆ ತಾಗಿ ಗುಯ್‌ಗುಡುತ್ತದೆ. ಆಮೇಲೆ ಕೊರಕಲು ತುಂಬಿಸಬೇಕು, ಇಲ್ಲವೇ ಹೊಸ ನಟ್ ಹಾಕಿಸಬೇಕು. ನಟ್ ಕಿತ್ತು ಅದರ ತಳವನ್ನು ಸ್ಯಾಂಡ್‌ಪೇಪರಿಗೆ ಉಜ್ಜುವ ಅಡ್ಡದಾರಿ ಬೇಡವೇ ಬೇಡ. ಆರೂ ಕೊರಕಲುಗಳು ಒಂದೇ ಅಳತೆಯಲ್ಲಿ ಇಳಿಯುತ್ತವೆ, ಮೊದಲೇ ಸರಿಯಿದ್ದ ತಂತಿಯೂ ಹಾಳಾಗುತ್ತದೆ. ಹಳೆಯ ತಂತಿಯನ್ನೇ ಅರದಂತೆ ಎಳೆದಾಡುವುದೂ ಬೇಡ.

ನೋಯುವ ಕೈಯಲ್ಲಿ ಈ ಸೂಕ್ಷ್ಮ ಕೆಲಸ ಕಷ್ಟವೆನಿಸಿದರೆ ರಿಪೇರಿ ಬಲ್ಲವರಿಗೆ ಕೊಡಿ. ಆದರೆ ‘ಆ್ಯಕ್ಷನ್ (ತಂತಿಯ ಎತ್ತರ) ತಗ್ಗಿಸಿ’ ಎಂದಷ್ಟೇ ಹೇಳಿ ಬರಬೇಡಿ. ಅಷ್ಟು ಹೇಳಿದರೆ ಹೆಚ್ಚಿನವರು ತಂತಿಯ ಇನ್ನೊಂದು ತುದಿ ಕೂರುವ ಸ್ಯಾಡಲ್ ಎಂಬ ಪಟ್ಟಿಯೊಂದನ್ನೇ ಇಳಿಸಿ ಕಳುಹಿಸುತ್ತಾರೆ. ‘ಕೀಲು ನೋವಿದೆ, ಮೆಲ್ಲಗೆ ನುಡಿಸುತ್ತೇನೆ, ನಟ್‌ನ ಕೊರಕಲುಗಳನ್ನು ಮೊದಲ ಫ್ರೆಟ್‌ನ ಎತ್ತರಕ್ಕೆ ಆದಷ್ಟು ಹತ್ತಿರ ತನ್ನಿ’ ಎಂದು ಬಿಡಿಸಿ ಹೇಳಿ. ಮುಂದೆ ಕಟ್ಟಲಿರುವ ತೆಳು ತಂತಿಯನ್ನು ಕಟ್ಟಿಯೇ ಒಯ್ಯಿರಿ.

4. ಕತ್ತಿನ ಬಾಗು, ಸ್ಯಾಡಲ್

ತೆಳು ತಂತಿ ಕತ್ತನ್ನು ಕಡಿಮೆ ಎಳೆಯುವುದರಿಂದ ಕತ್ತು ಹಿಂದಕ್ಕೆ ಸರಿದು ಮೊದಲ ಕೆಲವು ಫ್ರೆಟ್‌ಗಳಲ್ಲಿ ಗುಯ್‌ ಸದ್ದು ಬರಬಹುದು. ತೆಳು ತಂತಿಯೇ ಕೆಟ್ಟದ್ದೆಂದು ಮತ್ತೆ ದಪ್ಪ ತಂತಿ ಕಟ್ಟುವವರು ಇಲ್ಲಿಯೇ ಸೋಲುತ್ತಾರೆ. ಕತ್ತಿನೊಳಗಿರುವ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಕಾಲು ಸುತ್ತು ಸಡಿಲಿಸಿ ಒಂದು ದಿನ ಕಾದು ನೋಡಿ. ಹಾಗೆಂದು ತಂತಿಯ ಎತ್ತರ ಇಳಿಸಲು ಟ್ರಸ್ ರಾಡ್ ತಿರುಗಿಸಬೇಡಿ; ಅದಿರುವುದು ಕತ್ತಿನ ಬಾಗಿಗೆ ಮಾತ್ರ. ಎತ್ತರವನ್ನು ಹನ್ನೆರಡನೇ ಫ್ರೆಟ್‌ನಲ್ಲಿ ಅಳೆಯಿರಿ. ಅಕೂಸ್ಟಿಕ್ ಗಿಟಾರಿನ ದಪ್ಪ ತಂತಿ 2 ಮಿ.ಮೀ., ತೆಳು ತಂತಿ 1.5 ಮಿ.ಮೀ. ಎತ್ತರದಲ್ಲಿದ್ದರೆ ಮೆಲ್ಲಗೆ ನುಡಿಸುವವರಿಗೆ ಸಾಕು. ಅಲ್ಲಿ ಅರ್ಧ ಮಿ.ಮೀ. ತಗ್ಗಬೇಕಾದರೆ ಸ್ಯಾಡಲ್‌ನ ತಳದಿಂದ ಒಂದು ಮಿ.ಮೀ. ತೆಗೆಯಬೇಕು.

5. ಇನ್ನು ಕೈ

ಬೆರಳನ್ನು ಫ್ರೆಟ್‌ನ ಬೆನ್ನಿಗೇ ಇಡಿ. ತಂತಿಯನ್ನು ಬರಿದೆ ಮುಟ್ಟಿ ಮೀಟಿ. ‘ಠಕ್’ ಎಂಬ ಸತ್ತ ಸದ್ದು ಬರುತ್ತದೆ. ಮೀಟುತ್ತಲೇ ಒತ್ತಡವನ್ನು ಎಳೆಯೆಳೆಯಾಗಿ ಏರಿಸುತ್ತ ಹೋಗಿ, ಸ್ವರ ತಿಳಿಯಾದ ಕ್ಷಣಕ್ಕೆ ನಿಲ್ಲಿಸಿ. ಬೇಕಾದುದು ಅಷ್ಟೇ ಬಲ. ನುಡಿಸಲು ಕುಳಿತಾಗಲೆಲ್ಲ ಮೊದಲು ಇದನ್ನೇ ಮಾಡಿ. ಆಮೇಲೆ ಹೆಬ್ಬೆರಳನ್ನು ಕತ್ತಿನಿಂದ ಪೂರ್ತಿ ತೆಗೆದು ಒಂದೆರಡು ಕಾರ್ಡ್ ನುಡಿಸಿ. ತೋಳಿನ ಭಾರವೇ ತಂತಿಯನ್ನು ಹಿಂದಕ್ಕೆ ಎಳೆಯುವುದು ಅನುಭವಕ್ಕೆ ಬರುತ್ತದೆ. ಹೆಬ್ಬೆರಳ ತುದಿಯಲ್ಲಿ ಚಿವುಟುವ ಬಲ ಅದರ ಬುಡದ ಕೀಲಿನ ಮೇಲೆ ಹಲವು ಪಟ್ಟಾಗಿ ಬೀಳುವುದರಿಂದ ಈ ಅಭ್ಯಾಸ ಬಿಡುವಂತಿಲ್ಲ. ಇದೇ ಕಾರಣಕ್ಕೆ ತೀರ ತೆಳು ಕತ್ತಿನ ಗಿಟಾರನ್ನು ನಾನು ಯಾರಿಗೂ ಹೇಳುವುದಿಲ್ಲ. ಅಂಗೈ ತುಂಬುವ ಕತ್ತು ಹೆಬ್ಬೆರಳನ್ನು ಚಿವುಟಲು ಬಿಡುವುದಿಲ್ಲ. ಮಣಿಕಟ್ಟು ಮಡಚದಂತೆ ಗಿಟಾರಿನ ಕತ್ತನ್ನು ಮೇಲಕ್ಕೆತ್ತಿ ಕೂರಿ. ಕಾಲಡಿ ಒಂದು ಪುಟ್ಟ ಮಣೆ ಸಾಕು.

ಒಂದೇ ಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯುವ ಬಾರ್ ಕಾರ್ಡ್‌ಗಳನ್ನು ಮುಲಾಜಿಲ್ಲದೆ ಬಿಡಿ. ಎಫ್‌ಗೆ ತೆಳುವಾದ ನಾಲ್ಕು ತಂತಿ ಸಾಕು. ಸೆವೆಂತ್ ಕಾರ್ಡ್‌ಗಳಿಗೆ ಮೂಲ ಸ್ವರ, ಮೂರನೆಯದು, ಏಳನೆಯದು, ಈ ಮೂರೇ ಸ್ವರಗಳಲ್ಲಿ ಕಾರ್ಡ್‌ನ ಗುಣವೆಲ್ಲ ಬಂತು. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು ಮುರುಟಿದ ಮೇಲೆ ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಮಿಂಚಿನ ಆಲಾಪಗಳನ್ನೆಲ್ಲ ಮುಖ್ಯವಾಗಿ ಎರಡು ಬೆರಳುಗಳಲ್ಲೇ ನುಡಿಸಿದರು. ಬಾಲ್ಯದ ಪೋಲಿಯೊದಿಂದ ಎಡಗೈ ಬಲ ತಗ್ಗಿದ್ದ ಗಾಯಕಿ ಜೋನಿ ಮಿಚೆಲ್ ಶ್ರುತಿಯನ್ನೇ ಬದಲಿಸಿಕೊಂಡರು. ದಪ್ಪ ತಂತಿಯಿಂದ ಮೊದಲಾಗಿ ಡಿ-ಜಿ-ಡಿ-ಜಿ-ಬಿ-ಡಿ ಎಂದು ಶ್ರುತಿ ಮಾಡಿದರೆ ಒಂದು ಬೆರಳನ್ನೂ ಇಡದೆ ಜಿ ಕಾರ್ಡ್ ನುಡಿಯುತ್ತದೆ.

ಬಲಗೈಗೆ ಒಂದೇ ಮಾತು: ಪಿಕ್ ದೊಡ್ಡದಿರಲಿ, ದಪ್ಪವಿರಲಿ, ಹಿಡಿಯುವುದೇ ನೋವಾದರೆ ಹೆಬ್ಬೆರಳಿಗೆ ತೊಡುವ ಪಿಕ್ ಬಳಸಿ. ಬೆರಳ ತುದಿಗೆ ಹಾಕುವ ಸಿಲಿಕಾನ್ ಟೋಪಿಗಳಿಗೆ ಹಣ ಸುರಿಯಬೇಡಿ, ತಂತಿಯ ಸ್ಪರ್ಶ ತಪ್ಪಿ ಇನ್ನಷ್ಟು ಗಟ್ಟಿಯಾಗಿ ಒತ್ತುತ್ತೀರಿ.

6. ಹೊತ್ತು

ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಆರಂಭಿಸಿ, ಹದಿನೈದು ನಿಮಿಷಕ್ಕೊಮ್ಮೆ ಗಿಟಾರ್ ಕೆಳಗಿಡಿ. ಚುಚ್ಚುವ ನೋವು ಬಂದ ಕೂಡಲೇ ಆ ದಿನದ ಮಟ್ಟಿಗೆ ಮುಗಿಸಿ.

7. ಒತ್ತಲೇ ಆಗದಿದ್ದರೆ

ಆಗಲೂ ಗಿಟಾರ್ ಕೈಬಿಡಬೇಕಾಗಿಲ್ಲ. ತೊಡೆಯ ಮೇಲೆ ಮಲಗಿಸಿ, ಉಕ್ಕಿನ ದಂಡವನ್ನು ತಂತಿಯ ಮೇಲೆ ಜಾರಿಸಿ ನುಡಿಸಿ. ವಿಶ್ವಮೋಹನ ಭಟ್ಟರ ಮೋಹನವೀಣೆ ಈ ಬಗೆಯದೇ. ದಂಡ ತಂತಿಯನ್ನು ಮುಟ್ಟಿದರೆ ಸಾಕು, ಫ್ರೆಟ್‌ಗೆ ತಾಗಿಸಿ ಒತ್ತುವ ಪ್ರಶ್ನೆಯೇ ಇಲ್ಲ. ಗಮಕಕ್ಕಂತೂ ಇದಕ್ಕಿಂತ ಒಳ್ಳೆಯ ಗಿಟಾರ್ ಇಲ್ಲ. ತಂತಿ ಎತ್ತರವಿರಬೇಕಾದುದು ಇಲ್ಲಿ ಮಾತ್ರ. ಅದಕ್ಕೆಂದೇ ನಟ್‌ನ ಮೇಲೆ ಕೂರಿಸುವ ಲೋಹದ ತುಂಡು ಸಿಗುತ್ತದೆ, ಬೇಡವಾದಾಗ ತೆಗೆದಿಡಬಹುದು. ದಂಡ ಆರಿಸುವಾಗ ಬದಿಗಳಲ್ಲಿ ಬೆರಳು ಕೂರಲು ತೋಡು ಇರುವುದನ್ನೇ ಕೊಳ್ಳಿ; ನುಣುಪಾದ ಉರುಟು ದಂಡವನ್ನು ಜಾರದಂತೆ ಹಿಡಿಯಲು ಮತ್ತೆ ಹೆಬ್ಬೆರಳೇ ದುಡಿಯಬೇಕಾಗುತ್ತದೆ.