ಯಲಹಂಕ ಉಪನಗರದಲ್ಲಿ ಹನ್ನೊಂದು ವರ್ಷ

2014ರ ಮೇ ತಿಂಗಳ ಒಂದು ಭಾನುವಾರ, ಬೆಳಗ್ಗೆ ಒಂಬತ್ತಕ್ಕೆ ಈ ಮನೆ ನೋಡಿದ್ದು. ಹೊಂಗೆ ಮರದ ನೆರಳು, ಬಾಗಿಲಲ್ಲಿ ರಂಗೋಲಿ, ಬೀದಿಯಲ್ಲಿ ಎರಡು ಮಕ್ಕಳು ಸೈಕಲ್ ಹೊಡೆಯುತ್ತಿದ್ದವು. ಪಕ್ಕದ ಮನೆಯ ಅಜ್ಜ ಪೈಪ್ ಹಿಡಿದು ಕರಿಬೇವಿನ ಗಿಡಕ್ಕೆ ನೀರು ಬಿಡುತ್ತಿದ್ದರು. ಬಸವೇಶ್ವರನಗರದ ಮೂರನೇ ಮಹಡಿಯಿಂದ ಬಂದ ನಮಗೆ ಇಷ್ಟು ಸಾಕಿತ್ತು. ಅತ್ತೆ ಕಾಂಪೌಂಡಿನ ಮಣ್ಣನ್ನು ಕಾಲಲ್ಲಿ ಕೆದಕಿ ನೋಡಿ, "ಇಲ್ಲಿ ಸೊಪ್ಪು ಬೆಳ್ಕೊಬೌದು ಕಣವ್ವ" ಅಂದರು. ಬ್ರೋಕರ್ ಬಾಯಿ ಬಿಡುವ ಮೊದಲೇ ಅಡ್ವಾನ್ಸ್ ಕೊಡಲು ಒಪ್ಪಿಬಿಟ್ಟೆವು.

ಭಾನುವಾರ ಬೆಳಗ್ಗೆ ಮನೆ ನೋಡಬಾರದು ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೊದಲ ಸೋಮವಾರ. ನನ್ನ ಆಫೀಸು ಕಬ್ಬನ್ ರಸ್ತೆಯ ಹತ್ತಿರ. ಹದಿನಾರು ಹದಿನೇಳು ಕಿಲೋಮೀಟರ್ ಇರಬಹುದು, ಆದರೆ ನಡುವೆ ಹೆಬ್ಬಾಳ ಕೂತಿದೆ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಬಳ್ಳಾರಿ ರಸ್ತೆಯ ಗಾಡಿಗಳು, ಹೊರವರ್ತುಲ ರಸ್ತೆಯ ಗಾಡಿಗಳು ಎಲ್ಲವೂ ಆ ಮೇಲ್ಸೇತುವೆಯ ಬಾಯಿಗೇ ಬಂದು ಬೀಳುತ್ತವೆ. ಏಳಕ್ಕೆ ಮನೆ ಬಿಟ್ಟರೆ ಮುಕ್ಕಾಲು ಗಂಟೆ, ಎಂಟಕ್ಕೆ ಬಿಟ್ಟರೆ ಒಂದೂವರೆ. ನಮ್ಮ ಯಜಮಾನರ ಫ್ಯಾಕ್ಟರಿ ಪೀಣ್ಯದಲ್ಲಿ. ಅವರು ಜಾಲಹಳ್ಳಿ ಕಡೆಯಿಂದ ನುಸುಳಿ ನಲವತ್ತು ನಿಮಿಷಕ್ಕೆ ಮುಟ್ಟುತ್ತಾರೆ. ಅವರಿಗೆ ಇದು ಸ್ವರ್ಗ. ನನಗೆ ವಾರಕ್ಕೊಮ್ಮೆ ಸ್ವರ್ಗ.

ಇಷ್ಟು ವರ್ಷಕ್ಕೆ ನನಗೆ ಹೊಳೆದದ್ದು ಹೇಳಿಬಿಡುತ್ತೇನೆ. ಇಂಥ ಬಡಾವಣೆ ಹಗಲೆಲ್ಲ ಮನೆಯಲ್ಲಿರುವವರ ಊರು. ಮಕ್ಕಳದ್ದು, ವಯಸ್ಸಾದವರದ್ದು. ಅವರ ನೆಮ್ಮದಿಗೆ ಇನ್ನೊಂದು ಬಾಡಿಗೆ ಇರುತ್ತದೆ, ಅದನ್ನು ದಿನಾ ಹೊರಗೆ ಹೋಗಿಬರುವವರು ರಸ್ತೆಯಲ್ಲಿ ಕಟ್ಟುತ್ತಾರೆ. ಬೆಡ್‌ರೂಮು ಎಷ್ಟು ಅಂತ ಲೆಕ್ಕ ಹಾಕುವ ಮೊದಲು ಗಂಡ ಹೆಂಡತಿ ಕೂತು ಆ ಬಾಡಿಗೆ ಯಾರು ಕಟ್ಟುವುದು ಅಂತ ಮಾತಾಡಿಕೊಳ್ಳಬೇಕು. ನಮ್ಮಲ್ಲಿ ಆ ಮಾತು ಆಗಲೇ ಇಲ್ಲ, ಹಾಗಾಗಿ ಅದು ತಾನಾಗೇ ನನ್ನ ತಲೆಗೆ ಬಂತು. ಬೆಳಗ್ಗೆ ಏಳರ ಬಸ್ಸಿಗೆ ಒಗ್ಗಿಕೊಂಡೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ದುಡ್ಡು ಉಳಿಯಿತು, ಹೊತ್ತು ಉಳಿಯಲಿಲ್ಲ.

"ಇನ್ನೇನು ರೈಲು ಬರುತ್ತೆ" ಅಂತ ಬ್ರೋಕರ್‌ಗಳು ಈಗಲೂ ಹೇಳುತ್ತಾರೆ. ಉಪನಗರ ರೈಲಿಗೆ 2022ರಲ್ಲಿ ಶಂಕುಸ್ಥಾಪನೆ ಆಗಿದ್ದು ನಿಜ. ನಾಲ್ಕು ಮಾರ್ಗಕ್ಕೂ ಹೂವಿನ ಹೆಸರಿಟ್ಟಿದ್ದಾರೆ, ಅದರಲ್ಲಿ ಸಂಪಿಗೆ, ಕನಕ ಎರಡೂ ಯಲಹಂಕದ ಮೇಲೇ ಹೋಗುವಂಥವು. ಇನ್ನೂ ಮೊಗ್ಗು. ಬರುವ ರೈಲನ್ನು ನಂಬಿ ಇವತ್ತಿನ ಬಾಡಿಗೆ ಜಾಸ್ತಿ ಕೊಡಬೇಡಿ.

ಮನೆಯ ವಿಷಯ. ಈ ಉಪನಗರ ಕರ್ನಾಟಕ ಗೃಹ ಮಂಡಳಿ ಕಟ್ಟಿದ್ದು. ಹಾಗಾಗಿ ಇಲ್ಲಿ ವಿಳಾಸದಲ್ಲೇ ಅಂತಸ್ತು ಅಂಟಿಕೊಂಡಿರುತ್ತದೆ: ಎಚ್‌ಐಜಿ, ಎಂಐಜಿ, ಎಲ್‌ಐಜಿ, ಅಂದರೆ ಹೆಚ್ಚು, ಮಧ್ಯಮ, ಕಡಿಮೆ ಆದಾಯದವರ ಮನೆ. ಹಳಬರು "ನೀವು ಎಂಐಜಿನಾ?" ಅಂತ ಕೇಳುವುದು ಜಾತಿ ಕೇಳಿದ ಹಾಗೇ ಕೇಳಿಸುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಅವರಿಗೆ ಅದು ದಾರಿ ಗುರುತು ಅಷ್ಟೇ. ಬೀದಿ ಅಗಲ, ಪಾರ್ಕು ಹತ್ತಿರ. 2007ರವರೆಗೆ ಯಲಹಂಕ ಬೇರೆಯೇ ನಗರಸಭೆ ಆಗಿತ್ತು. ಆ ಬೇರೆ ಊರಿನ ಗತ್ತು ಇನ್ನೂ ಹೋಗಿಲ್ಲ. ಇಲ್ಲಿನವರು ಮೆಜೆಸ್ಟಿಕ್‌ಗೆ ಹೊರಟರೆ "ಬೆಂಗಳೂರಿಗೆ ಹೋಗಿ ಬರ್ತೀನಿ" ಅನ್ನುತ್ತಾರೆ. ಈಗ ನಾನೂ ಅನ್ನುತ್ತೇನೆ.

ನೀರಿನದ್ದು ಸ್ವಲ್ಪ ವಿವರವಾಗಿ ಹೇಳಬೇಕು, ನಾನು ಮೋಸ ಹೋದದ್ದು ಅಲ್ಲೇ. "ನೀರು ಚೆನ್ನಾಗಿ ಬರುತ್ತಾ?" ಅಂತ ಓನರ್‌ನ ಕೇಳಿದ್ದೆ. "ಕಾವೇರಿ ಬರುತ್ತಮ್ಮ" ಅಂದರು. ಕೇಳಬೇಕಾದ್ದು ಅದಲ್ಲ. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಸಂಪು ಎಷ್ಟು ಲೀಟರು, ಎಷ್ಟು ಮನೆಗೆ? ನಮ್ಮದು ಮೂರು ಸಾವಿರ ಲೀಟರಿನ ಸಂಪು. ಕೆಳಗೆ ನಾವು ಐದು ಜನ, ಮೇಲೆ ನಾಲ್ಕು. ತಲೆಗೆ ನೂರು ಲೀಟರ್ ಅಂದರೂ ದಿನಕ್ಕೆ ಒಂಬೈನೂರು. ದಿನ ಬಿಟ್ಟು ದಿನ ನೀರು ಬಂದರೆ ತೊಂದರೆ ಇಲ್ಲ. ಒಂದು ಸರದಿ ತಪ್ಪಿತೋ, ನಾಲ್ಕನೇ ದಿನ ಬೆಳಗ್ಗೆ ಮೋಟಾರು ಗಾಳಿ ಎಳೆಯುತ್ತದೆ. ಬಂದ ಎರಡನೇ ವಾರವೇ ಹಾಗಾಯಿತು. ಚಿಕ್ಕವನಿಗೆ ತಲೆ ತುಂಬ ಸೋಪು ಹಚ್ಚಿದ್ದೆ.

ಆಮೇಲೆ ಅಕ್ಕಪಕ್ಕದ ನಾಲ್ಕು ಮನೆಯವರನ್ನು ಕೇಳಿ ವಾಲ್ವ್ ತಿರುಗಿಸುವ ಹುಡುಗನ ನಂಬರು ತಗೊಂಡೆ. ಮನೆಗೆ ಸೇರುವ ಮೊದಲು ಈ ನಾಲ್ಕು ಮನೆಯ ಬಾಗಿಲು ತಟ್ಟಿ. ಓನರು ಹೇಳದ್ದನ್ನು ಅವರು ಒಂದು ಲೋಟ ಕಾಫಿ ಕೊಟ್ಟು ಹೇಳುತ್ತಾರೆ. ಮಳೆನೀರು ಕೊಯ್ಲು ಬೆಂಗಳೂರಿನಲ್ಲಿ 2009ರಿಂದ ದೊಡ್ಡ ಸೈಟಿನ ಮನೆಗಳಿಗೆ ಕಡ್ಡಾಯ. ನಮ್ಮ ಮನೆಗೂ ಪೈಪು ಹಾಕಿಸಿದ್ದರು, ಅದರ ತುದಿ ಮಾತ್ರ ಚರಂಡಿಗೆ ಬಿಟ್ಟಿತ್ತು! ಪ್ಲಂಬರ್‌ನ ಕರೆಸಿ ಎರಡು ದೊಡ್ಡ ಡ್ರಮ್ಮಿಗೆ ತಿರುಗಿಸಿದೆವು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತಲ್ಲ, ಆಗ ಡ್ರಮ್ಮೂ ಒಣಗಿತ್ತು. ಅತ್ತೆ ಅಕ್ಕಿ ತೊಳೆದ ನೀರಿನಲ್ಲೇ ದಂಟಿನ ಸೊಪ್ಪು ಉಳಿಸಿಕೊಂಡರು.

ನೀರು ಬರುವುದನ್ನು ನೋಡಿದ ಹಾಗೇ ಹೋಗುವುದನ್ನೂ ನೋಡಿ. ಯಲಹಂಕದಲ್ಲಿ ಕೆರೆಗಳು ಬಹಳ. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಇಲ್ಲಿನ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಕರೆತಂದರು. ನಮ್ಮ ಬೀದಿ ಏರಿನ ಮೇಲಿದೆ, ಅದು ನಮ್ಮ ಜಾಣತನವಲ್ಲ, ಅದೃಷ್ಟ. ಜೋರು ಮಳೆ ಬಂದ ಮಾರನೇ ದಿನ ಹೋಗಿ ಗೋಡೆಯ ಬುಡದ ಕಲೆ ನೋಡಿ. ಬಾಗಿಲ ಮುಂದೆ ಮೊಳದೆತ್ತರ ಇಟ್ಟಿಗೆ ಕಟ್ಟಿದ್ದರೆ ಯಾಕೆ ಅಂತ ಕೇಳಿ.

ನೆಮ್ಮದಿ ಅಂತ ಹೇಳಿದೆನಲ್ಲ, ಅದಕ್ಕೆ ಒಂದು ತಿದ್ದುಪಡಿ. ಪಕ್ಕದಲ್ಲೇ ವಾಯುಪಡೆಯ ನೆಲೆ. ದಿನವೂ ತರಬೇತಿ ಹಾರಾಟ ಇರುತ್ತದೆ, ಅದು ಅಭ್ಯಾಸವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂದಾಗ ಮಾತ್ರ ಕಿಟಕಿ ಗಾಜು ನಡುಗುತ್ತದೆ. ಹಾಲು ಕುಡಿಯುವ ಮಗು ಇದ್ದರೆ ಆ ವಾರ ತವರಿಗೆ ಹೋಗುವುದು ಒಳ್ಳೆಯದು. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ತಾರಸಿಯ ಮೇಲೆ ಪುಕ್ಕಟೆ ಜಾತ್ರೆ. ನಮ್ಮನೆಯ ನಿಜವಾದ ಕಷ್ಟ ಬೇರೆ: ಹಕ್ಕಿಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ ಸುತ್ತಮುತ್ತ ಮಾಂಸದಂಗಡಿ ಮುಚ್ಚಿಸುತ್ತಾರೆ. 2023ರಲ್ಲಿ ಹತ್ತು ಕಿಲೋಮೀಟರ್, 2025ರಲ್ಲಿ ಹದಿಮೂರು. ಮೂರು ವಾರಕ್ಕೂ ಹೆಚ್ಚು ಕಾಲ ಭಾನುವಾರವೂ ಮುದ್ದೆಗೆ ಸೊಪ್ಪಿನ ಸಾರೇ.

ಇಲ್ಲಿ ಬಂದು ನಾನು ತಿಂದ ದೊಡ್ಡ ಪೆಟ್ಟು ಆಸ್ಪತ್ರೆಯ ವಿಷಯದಲ್ಲಿ. 2019ರ ಮಳೆಗಾಲ, ರಾತ್ರಿ ಹನ್ನೊಂದು ದಾಟಿತ್ತು. ಅತ್ತೆ ಎದೆ ಹಿಡಿದುಕೊಂಡು ಎದ್ದು ಕೂತರು, ಮೈಯೆಲ್ಲ ಬೆವರು. ಎರಡು ಬೀದಿ ಆಚೆ ನರ್ಸಿಂಗ್ ಹೋಮು, ಬೋರ್ಡಿನ ಮೇಲೆ ದೊಡ್ಡದಾಗಿ '24 ಗಂಟೆ'. ಬಾಗಿಲು ತೆರೆದಿತ್ತು, ಡಾಕ್ಟರ್ ಇರಲಿಲ್ಲ. ನಿದ್ದೆಗಣ್ಣಿನ ನರ್ಸ್ ಬಿಪಿ ನೋಡಿ, "ಇಸಿಜಿ ತೆಗೆಯೋರು ಬೆಳಗ್ಗೆ ಬರ್ತಾರೆ, ಹೆಬ್ಬಾಳದ ಕಡೆ ಕರ್ಕೊಂಡು ಹೋಗಿಬಿಡಿ" ಅಂದಳು. ಹಗಲು ಒಂದು ಗಂಟೆ ತಿನ್ನುವ ಅದೇ ರಸ್ತೆ ಆ ರಾತ್ರಿ ಹದಿನೈದು ನಿಮಿಷಕ್ಕೆ ಮುಗಿಯಿತು. ಸಂಜೆ ಆರೂವರೆಗೆ ಹೀಗಾಗಿದ್ದರೆ? ಅದನ್ನು ನಾನು ಈಗಲೂ ಪೂರ್ತಿ ಯೋಚಿಸುವುದಿಲ್ಲ. ಹೃದಯದ್ದಲ್ಲ, ಪಿತ್ತಕೋಶದ ಕಲ್ಲು ಅಂತ ಬೆಳಗಿನ ಜಾವ ಹೇಳಿದರು. ಅತ್ತೆಗೆ ನಗು, ನನಗೆ ಅಳು.

ಆ ವಾರವೇ ಮೂರು ಆಸ್ಪತ್ರೆಗೆ ರಾತ್ರಿ ಹತ್ತರ ಮೇಲೆ ಫೋನ್ ಮಾಡಿ ಕೇಳಿದೆ: ಈಗ ಡಾಕ್ಟರ್ ಇದ್ದಾರಾ, ಇಸಿಜಿ ಆಗುತ್ತಾ, ಮಕ್ಕಳ ಡಾಕ್ಟರ್ ಕರೆದರೆ ಬರುತ್ತಾರಾ? ಉತ್ತರ ಬರೆದ ಚೀಟಿ ಫ್ರಿಜ್ ಮೇಲೆ ಅಂಟಿದೆ. ಅದನ್ನು ವರ್ಷಕ್ಕೊಮ್ಮೆ ತಿದ್ದುತ್ತೇನೆ.

ಮಕ್ಕಳಿಗೆ ಮೂರರಿಂದ ಹದಿಮೂರರವರೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಡೆದೇ ಶಾಲೆಗೆ ಹೋದರು. ಬೀದಿಯಲ್ಲಿ ಕ್ರಿಕೆಟ್, ಮಂಡಿ ತುಂಬ ಗಾಯ. ರಜೆಯಲ್ಲಿ ಬೆಳಗ್ಗೆ ಎದ್ದು ಪುಟ್ಟೇನಹಳ್ಳಿ ಕೆರೆ. 2015ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಮಾಡಿದ್ದಾರೆ. (ಜೆ.ಪಿ. ನಗರದ ಕಡೆ ಇನ್ನೊಂದು ಪುಟ್ಟೇನಹಳ್ಳಿ ಕೆರೆ ಇದೆ. ನೆಂಟರಿಗೆ ಲೊಕೇಶನ್ ಕಳಿಸದೆ ಬರೀ ಹೆಸರು ಹೇಳಿದರೆ ಊರಿನ ಆ ತುದಿ ಸೇರುತ್ತಾರೆ. ನಮ್ಮ ಮೈದುನ ಸೇರಿದ್ದ.) ಶಾಲೆಯ ಬಗ್ಗೆ ಒಂದೇ ಮಾತು: ಇಲ್ಲಿರುವ ಕೇಂದ್ರೀಯ ವಿದ್ಯಾಲಯಗಳನ್ನು ನಂಬಿ ಮನೆ ಮಾಡಬೇಡಿ, ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಅಲ್ಲಿ ಮೊದಲ ಸಾಲು.

ಮಗಳು ಪಿಯುಸಿಗೆ ಬಂದಳು ನೋಡಿ, ಲೆಕ್ಕ ತಿರುಗಿತು. ಅವಳಿಗೆ ಬೇಕಾದ ಕಾಲೇಜು ಮಲ್ಲೇಶ್ವರದಲ್ಲಿ. ಅಲ್ಲಿಯವರೆಗೆ ಈ ಊರಿನ ಸುಖ ಉಂಡವಳು ಈಗ ನನ್ನ ಪಕ್ಷ ಸೇರಿದಳು. ಬಸ್ಸಿನಲ್ಲಿ ಒಂದು ತಿಂಗಳು ನರಳಿದ ಮೇಲೆ ಪ್ಯಾಸೆಂಜರ್ ರೈಲು ಹಿಡಿದಳು: ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿ, ಯಶವಂತಪುರ, ಮಲ್ಲೇಶ್ವರ. ತಿಂಗಳ ಪಾಸು ತೀರ ಅಗ್ಗ. ತೊಡಕು ಒಂದೇ, ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು. ಸಂಜೆ ಟ್ಯೂಷನ್ ಮುಗಿಸಿ ಇಳಿದಾಗ ಏಳೂಮುಕ್ಕಾಲು. ಭಾನುವಾರ ಬೆಳಗ್ಗೆ ಅಷ್ಟು ಚೆಂದ ಕಂಡ ಹೊಂಗೆ ಮರಗಳು ಆ ಹೊತ್ತಿಗೆ ಬೀದಿ ದೀಪವನ್ನೆಲ್ಲ ಮುಚ್ಚಿರುತ್ತವೆ. ಕೆಳಗೆ ನಾಯಿಗಳ ಗುಂಪು, ಅಂಗಡಿ ಇಲ್ಲ, ಮನುಷ್ಯರಿಲ್ಲ. ಎರಡು ವರ್ಷ ಅವರಪ್ಪ ಸ್ಕೂಟರ್‌ನಲ್ಲಿ ಸ್ಟೇಷನ್ ಮುಂದೆ ಕಾದರು. ಕೊನೆಗೆ ಅವರೂ ಒಂದಷ್ಟು ಬಾಡಿಗೆ ಕಟ್ಟಿದ ಹಾಗಾಯಿತು.

ಹೋದ ತಿಂಗಳು ಮೇಲಿನ ಮನೆ ಖಾಲಿಯಾಗಿ ಟು-ಲೆಟ್ ಬೋರ್ಡು ಬಿತ್ತು. ಒಂದು ಎಳೆ ಜೋಡಿ ಬಂದರು, ಕಂಕುಳಲ್ಲಿ ಮಗು, ಭಾನುವಾರ ಬೆಳಗ್ಗೆ ಒಂಬತ್ತಕ್ಕೇ. ಹುಡುಗಿಯ ಕೆಲಸ ಮಾರತ್‌ಹಳ್ಳಿಯಲ್ಲಂತೆ. "ಬುಧವಾರ ಸಂಜೆ ಆಫೀಸಿಂದ ಸೀದಾ ಇಲ್ಲಿಗೆ ಬಂದು ಮತ್ತೆ ನೋಡಮ್ಮ, ಆಮೇಲೆ ಅಡ್ವಾನ್ಸ್ ಕೊಡು" ಅಂದೆ. ತಲೆ ಆಡಿಸಿದಳು. ಬುಧವಾರ ಬರಲಿಲ್ಲ. ಶುಕ್ರವಾರ ಲಾರಿಯಲ್ಲಿ ಸಾಮಾನು ಬಂತು.

ಈಗ ಅವಳು ಬೆಳಗ್ಗೆ ನನಗಿಂತ ಮೊದಲು ಗೇಟು ತೆಗೆಯುತ್ತಾಳೆ. ಮಗು ನಮ್ಮ ಅತ್ತೆಯ ದಂಟಿನ ಮಡಿಯಲ್ಲಿ ಕೂತು ಮಣ್ಣು ತಿನ್ನುತ್ತಿರುತ್ತದೆ. ವಿಮಾನ ಹೋದಾಗಲೆಲ್ಲ ಇಬ್ಬರೂ ಒಟ್ಟಿಗೆ ತಲೆ ಎತ್ತಿ ನೋಡುತ್ತಾರೆ.