ಹೊಳೆಗೆ ಇಳಿಯುವ ಮುನ್ನ ಒಂದು ಒಳ್ಳೆ ಕೋಲು ಆರಿಸಿಕೊಳ್ಳಿ

ಫ್ಲೈ ಫಿಶಿಂಗ್, ಅಂದರೆ ಗರಿ, ದಾರ ಸುತ್ತಿ ಹುಳುವಿನಂತೆ ಮಾಡಿದ ಗಾಳದಿಂದ (ಅದೇ ಫ್ಲೈ) ಮೀನು ಹಿಡಿಯುವುದನ್ನು ಶುರು ಮಾಡಿದವರು ರಾಡು, ರೀಲಿಗೆ ಸಾವಿರಗಟ್ಟಲೆ ದುಡ್ಡು ಹಾಕುತ್ತಾರೆ. ಆದರೆ ನೀರಲ್ಲಿ ನಿಲ್ಲಲು ಬೇಕಾದ ಕೋಲಿನ ವಿಷಯಕ್ಕೆ ಬಂದರೆ ದಂಡೆಯಲ್ಲಿ ಸಿಕ್ಕ ಜಾಲಿ ಟೊಂಗೆಯೇ ಸಾಕು ಅಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಈ ಆಟದಲ್ಲಿ ನೀರಿಗೆ ಇಳಿಯದೆ ಆಗುವುದು ಕಷ್ಟ. ಫ್ಲೈಗೆ ತೂಕವೇ ಇಲ್ಲ, ದಾರದ ತೂಕದಿಂದಲೇ ಅದನ್ನು ಬೀಸಬೇಕು. ಬೀಸುವಾಗ ದಾರ ಮೊದಲು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳಬೇಕು, ನಮ್ಮ ತುಂಗಭದ್ರೆಯ ದಂಡೆಯಲ್ಲಿ ಬೆನ್ನ ಹಿಂದೆ ಇರುವುದು ಬರೀ ಜಾಲಿ ಮುಳ್ಳು. ಹಾಗಾಗಿ ನಾಲ್ಕು ಹೆಜ್ಜೆ ಒಳಗೆ ಹೋಗಲೇಬೇಕು. ಒಳಗೆ ಹೋದರೆ ಬಂಡೆ, ಬಂಡೆ ಮೇಲೆ ಪಾಚಿ, ಎರಡು ಬಂಡೆ ನಡುವೆ ಕಾಣದ ಸಂದು.

ನನಗೆ ಇದು ಅರ್ಥವಾಗಿದ್ದು ಕಂಪ್ಲಿ ಸೇತುವೆಯಿಂದ ಸ್ವಲ್ಪ ಕೆಳಗೆ. ಕೈಯಲ್ಲಿ ಚಾರಣಕ್ಕೆ ಅಂತ ತಗೊಂಡಿದ್ದ ಅಲ್ಯೂಮಿನಿಯಂ ಕೋಲು ಇತ್ತು, ಒಂದರೊಳಗೊಂದು ಸೇರುವ ಮೂರು ತುಂಡಿನದು, ತಿರುಗಿಸಿ ಬಿಗಿ ಮಾಡುವ ಲಾಕ್. ಆ ಲಾಕ್ ಒಳಗೆ ಸಣ್ಣ ಮರಳು ಸೇರಿಕೊಂಡಿದೆ ಅಂತ ನನಗೆ ಗೊತ್ತಾಗಲಿಲ್ಲ. ನೀರು ಮೊಣಕಾಲಿನಷ್ಟೇ ಇತ್ತು. ಭಾರ ಹಾಕಿದೆ, ಕೋಲು ಸರ್ರನೆ ಒಳಗೆ ಹೋಗಿ ಒಂದು ಗೇಣು ಚಿಕ್ಕದಾಯಿತು, ನಾನು ಮಂಡಿ ಊರಿ ಬಂಡೆ ಮೇಲೆ ಬಿದ್ದೆ. ಹರಿಗೋಲಿನಲ್ಲಿ ಬಲೆ ಬಿಡುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು ಕೈ ಕೊಟ್ಟು ಎಬ್ಬಿಸಿದರು.

"ತಮ್ಮಾ, ಇದು ಗುಡ್ಡಾ ಹತ್ತೂ ಕೋಲು. ಹೊಳಿಗೆ ಒಂದ ತುಂಡಿನ ಬಡಿಗಿ ಬೇಕು" ಅಂದರು. "ಹೌದು ಕಾಕಾ" ಅಂದೆ. ಮೇಲೆ ಬಂದ ಮೇಲೆ ಮಂಡಿ ತೊಳೆಯುತ್ತಾ ಅವರ ಕೋಲನ್ನು ಚೆನ್ನಾಗಿ ನೋಡಿದೆ. ಗಿಣ್ಣು ಹತ್ತಿರ ಹತ್ತಿರ ಇರುವ ಗಟ್ಟಿ ಬಿದಿರು, ಹಿಡಿಯುವ ಕಡೆ ಬೆವರು ಹೀರಿ ಕಪ್ಪಾಗಿ ನುಣುಪಾಗಿತ್ತು.

ಅವತ್ತಿನಿಂದ ನನ್ನದೂ ಬಿದಿರೇ. ಅಂಗಡಿಯ ಮಡಚುವ ಕೋಲು ಕೆಟ್ಟದ್ದು ಅಂತಲ್ಲ. ಒಳಗೆ ಎಲಾಸ್ಟಿಕ್ ದಾರ ಇದ್ದು, ಚೀಲದಿಂದ ತೆಗೆದ ಕೂಡಲೇ ತಾನೇ ಜೋಡಿಕೊಳ್ಳುತ್ತವಲ್ಲ, ಅವು ಬಸ್ಸಿನಲ್ಲಿ ಓಡಾಡುವವರಿಗೆ ಅನುಕೂಲ. ಅದನ್ನೇ ತಗೊಳ್ಳುವುದಾದರೆ ಜೋಡಣೆಗಳನ್ನು ಅಲ್ಲಾಡಿಸಿ ನೋಡಿ, ಕಟಕಟ ಅಂದರೆ ಬಿಟ್ಟುಬಿಡಿ. ತಿರುಗಿಸುವ ಲಾಕ್ ಮಾತ್ರ ಬೇಡವೇ ಬೇಡ, ನಮ್ಮ ಹೊಳೆಯ ಮರಳಿಗೆ ಅದು ತಡೆಯುವುದಿಲ್ಲ.

ಬಿದಿರನ್ನು ಮೇದಾರರ ಹತ್ತಿರ ಹೋಗಿ ನೀವೇ ಆರಿಸಿ. ಲಾಠಿಗೆ ಬಳಸುವಂಥ ಗಟ್ಟಿ ಬಿದಿರು ಬೇಕು ಅಂತ ಕೇಳಿ, ಒಂದು ಇಂಚು ಅಥವಾ ಸ್ವಲ್ಪ ಜಾಸ್ತಿ ದಪ್ಪ. ಹಸಿಯದು ಭಾರ, ಒಣಗುವಾಗ ಸೀಳುತ್ತದೆ. ಹಸಿಯೇ ಸಿಕ್ಕರೆ ಬಿಸಿಲಿಗೆ ಇಡಬೇಡಿ, ನೆರಳಲ್ಲಿ ನಿಧಾನವಾಗಿ ಒಣಗಲಿ. ಪರೀಕ್ಷೆ ಸುಲಭ: ಅಂಗಡಿ ಮುಂದೆಯೇ ಕೋಲನ್ನು ಓರೆಯಾಗಿ ಊರಿ ಮೈಭಾರವನ್ನೆಲ್ಲ ಹಾಕಿ. ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗಬೇಕು. ಚಟ್ ಅಂತ ಸದ್ದು ಬಂದರೆ ಎಷ್ಟು ಚೆಂದ ಇದ್ದರೂ ಬೇಡ. ಕೆಳತುದಿಯನ್ನು ಗಿಣ್ಣಿನ ಕೆಳಗೇ ಕತ್ತರಿಸಲು ಹೇಳಿ, ಟೊಳ್ಳು ಭಾಗ ತುದಿಗೆ ಬಂದರೆ ಬೇಗ ಸೀಳುತ್ತದೆ. ಒಣಗಿದ ಬಿದಿರು ಕೈ ತಪ್ಪಿದರೂ ತೇಲುತ್ತದೆ, ಇದೂ ದೊಡ್ಡ ಲಾಭವೇ.

ಉದ್ದದಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಅಜ್ಜನ ಊರುಗೋಲಿನ ಹಾಗೆ ಸೊಂಟದವರೆಗೆ ತಗೊಂಡರೆ ಸಾಲದು, ಯಾಕೆಂದರೆ ಕೋಲಿನ ತುದಿ ನಿಮ್ಮ ಪಾದಕ್ಕಿಂತ ತಗ್ಗಿನಲ್ಲಿ ಊರಬೇಕಾಗುತ್ತದೆ, ಆಗ ಬಗ್ಗಬೇಕು, ಬಗ್ಗಿದರೆ ಮೈಭಾರ ಮುಂದೆ ಹೋಗುತ್ತದೆ. ಹೊಳೆಗೆ ಹಾಕುವ ಶೂ ಹಾಕಿಕೊಂಡು ನಿಂತು, ಕಂಕುಳಿಗಿಂತ ನಾಲ್ಕು ಬೆರಳು ಮೇಲೆ ಗುರುತು ಹಾಕಿ. ಐದೂವರೆ ಅಡಿ ಎತ್ತರದ ನನಗೆ 52 ಇಂಚು ಸರಿಹೋಗಿದೆ.

ಇನ್ನು ತುದಿ. ಒನಕೆಗೆ ಹಾಕುವಂತೆ ಕಬ್ಬಿಣದ ಅಣಸು ಹಾಕಿಸೋಣ ಅಂತ ಅನಿಸುತ್ತದೆ, ಅಲ್ವಾ? ಸೀಳದಂತೆ ತಡೆಯಲು ಅಣಸು ಒಳ್ಳೆಯದೇ, ಆದರೆ ಬರೀ ಕಬ್ಬಿಣ ನುಣುಪು ಬಂಡೆ ಮೇಲೆ ಜಾರುತ್ತದೆ, ಟಣ್ ಟಣ್ ಸದ್ದಿಗೆ ಮೀನು ದೂರ ಹೋಗುತ್ತವೆ. ಮೆಡಿಕಲ್ ಶಾಪಿನಲ್ಲಿ ಊರುಗೋಲಿಗೆ ಹಾಕುವ ರಬ್ಬರ್ ಬುಷ್ ಸಿಗುತ್ತದೆ, ಅದನ್ನು ಗಟ್ಟಿ ಅಂಟು ಹಚ್ಚಿ ಕೂರಿಸಿ. ಅಂಟಿಲ್ಲದೆ ಹಾಕಿದರೆ ಮೊದಲ ಕೆಸರಿನಲ್ಲೇ ಉಳಿದುಬಿಡುತ್ತದೆ. ಸಿರುಗುಪ್ಪ ಕಡೆ ಮರಳು ಜಾಸ್ತಿ ಇರುವಲ್ಲಿ ರಬ್ಬರ್ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಅಲ್ಲಿ ಮರಳು ತೆಗೆದ ಗುಂಡಿಗಳ ಭಯ. ಕೋಲಿನಿಂದ ತಡವಿ ನೋಡದೆ ಒಂದು ಹೆಜ್ಜೆಯೂ ಇಡಬೇಡಿ.

ಕೋಲಿಗೆ ಮೊಣಕಾಲಿನ ಎತ್ತರಕ್ಕೊಂದು, ತೊಡೆಯ ಎತ್ತರಕ್ಕೊಂದು ಕೆಂಪು ಟೇಪು ಸುತ್ತಿ. ಮುಂದೆ ಊರಿದಾಗ ತೊಡೆಯ ಟೇಪು ಮುಳುಗಿದರೆ ಅಲ್ಲಿಂದಲೇ ವಾಪಸ್.

ಬೀಸುವಾಗ ಎರಡೂ ಕೈ ಬೇಕು, ಆಗ ಕೋಲನ್ನು ಬಿಡಲೇಬೇಕು. ಮೂರು ಅಡಿ ನೈಲಾನ್ ದಾರದಿಂದ ಕೋಲನ್ನು ಬೆಲ್ಟಿಗೆ ಕಟ್ಟಿ, ನಡುವೆ ಹಳೆ ಚೀಲದ ಪ್ಲಾಸ್ಟಿಕ್ ಬಕಲ್ ಹಾಕಿ, ಒತ್ತಿದರೆ ಬಿಡುವಂಥದ್ದು. ಮಣಿಕಟ್ಟಿಗೆ ಮಾತ್ರ ಕಟ್ಟಬೇಡಿ. ಕೋಲು ಬಂಡೆ ಸಂದಿನಲ್ಲಿ ಸಿಕ್ಕಿಕೊಂಡು ನೀವು ಬಿದ್ದರೆ, ಆ ದಾರವೇ ನಿಮ್ಮನ್ನು ನೀರಲ್ಲಿ ಹಿಡಿದಿಡುತ್ತದೆ. ಕೋಲು ಹೋದರೆ ಹೋಗಲಿ.

ಊರುವ ರೀತಿಯನ್ನು ಕಾಕಾ ಒಂದೇ ಮಾತಿನಲ್ಲಿ ಹೇಳಿದ್ದರು: "ನೀರು ಬರೂ ಕಡೆ ಊರು, ಹೋಗೂ ಕಡೆ ಊರಬ್ಯಾಡ." ಮೇಲಿನ ಕಡೆ ಊರಿ ಅದಕ್ಕೆ ಒರಗಿದರೆ ನಿಮ್ಮ ಭಾರ ಕೋಲನ್ನು ತಳಕ್ಕೆ ಒತ್ತುತ್ತದೆ, ನೀವು ನೀರಿಗೆ ಎದುರಾಗಿ ನಿಲ್ಲುತ್ತೀರಿ. ಕೆಳಗಿನ ಕಡೆ ಊರಿದರೆ ನೀರು ನಿಮ್ಮನ್ನು ಕೋಲಿನ ಮೇಲೆಯೇ ದಬ್ಬುತ್ತದೆ. ಎರಡು ಕಾಲು, ಒಂದು ಕೋಲು. ಒಂದನ್ನು ಎತ್ತಿದಾಗ ಉಳಿದೆರಡು ಗಟ್ಟಿಯಾಗಿ ನೆಲದಲ್ಲಿರಬೇಕು. ಕಾಲನ್ನು ಎತ್ತಿ ಇಡುವುದಕ್ಕಿಂತ ಜರುಗಿಸುವುದು ವಾಸಿ, ಒಂದು ಕಾಲನ್ನು ಇನ್ನೊಂದರ ಮುಂದೆ ದಾಟಿಸಲೇಬೇಡಿ.

ಕೋಲು ಇದೆ ಅಂತ ಎಲ್ಲಾ ಕಡೆ ಇಳಿಯುವ ಹಾಗಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿ ಏನು ಮಾಡುವುದಿದ್ದರೂ ಅರಣ್ಯ ಇಲಾಖೆಯವರನ್ನು ಕೇಳಿಯೇ ಮಾಡಿ. ರಾಯಚೂರು ಕಡೆ ಕೃಷ್ಣೆಯಲ್ಲಿ ಮೊಸಳೆಗಳಿವೆ, ಅಲ್ಲಿ ನಾನು ಪಾದವನ್ನೂ ಒದ್ದೆ ಮಾಡುವುದಿಲ್ಲ, ದಂಡೆಯಿಂದ ದೂರ ನಿಂತೇ ಬೀಸುತ್ತೇನೆ. ತುಂಗಭದ್ರೆಯಲ್ಲೂ ಅವು ಇವೆ, ಇಳಿಯುವ ಮುನ್ನ ಅಲ್ಲಿನ ಮೀನುಗಾರರನ್ನು ವಿಚಾರಿಸಿ. ಮಳೆಗಾಲದಲ್ಲಂತೂ ಬೇಡವೇ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗ ಹೊಳೆ ಹೇಗೆ ತುಂಬಿ ಬಂತು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲೂ ಮೇಲಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ಅದಕ್ಕೇ ಇಳಿಯುವ ಮುಂಚೆ ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲು ಇಟ್ಟು ಹೋಗುತ್ತೇನೆ, ಆಗಾಗ ತಿರುಗಿ ನೋಡುತ್ತೇನೆ. ಕಲ್ಲಿನ ಬುಡ ಒದ್ದೆಯಾಗಿದ್ದರೆ, ಮೀನು ಎಷ್ಟೇ ಏಳುತ್ತಿರಲಿ, ದಾರ ಸುತ್ತಿಕೊಂಡು ದಂಡೆಗೆ ಬರುತ್ತೇನೆ.

ಮನೆಗೆ ಬಂದ ಮೇಲೆ ಕೋಲನ್ನು ಒರೆಸಿ ನೆರಳಲ್ಲಿ ನಿಲ್ಲಿಸಿ. ವರ್ಷಕ್ಕೆರಡು ಸಲ ಬಟ್ಟೆಯಲ್ಲಿ ಅಗಸೆ ಎಣ್ಣೆ ಅದ್ದಿ ತೆಳ್ಳಗೆ ಉಜ್ಜಿ, ಗಿಣ್ಣುಗಳ ಸುತ್ತ ಬಿರುಕು ಬಂದಿದೆಯಾ ಅಂತ ಬೆರಳಾಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕು ಕಂಡರೆ ಆ ಕೋಲು ಇನ್ನು ಹಿತ್ತಲಿನ ಬಳ್ಳಿಗೆ ಆಸರೆಯಾಗಲಿ, ಹೊಳೆಗೆ ಹೊಸದನ್ನು ತನ್ನಿ.